ಎಡಗಡೆಯ ಗಂಟು

ಬಟ್ಟೆಯನ್ನು ಸೊಸೆಯೇ ತಂದಿದ್ದಳು. ತಿಳಿ ನೀಲಿ, ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಬಿಳಿ ಚುಕ್ಕೆ. ಇಡೀ ಥಾನನ್ನು ಕತ್ತರಿಸುವ ಮೇಜಿನ ಮೇಲೆ ಧೊಪ್ಪೆಂದು ಇಳಿಸಿ ಉಸಿರು ಬಿಟ್ಟಳು.

"ಮಾವ, ಎಲ್ಲರಿಗೂ ಒಂದೇ ಬಟ್ಟೆ. ಅವರಿಗೆ, ನನಗೆ, ಗುಬ್ಬಿಗೆ, ನಿಮಗೆ, ಅತ್ತೆಗೆ. ಸಮುದ್ರದ ಹತ್ತಿರ ಒಂದು ಮನೆ ಬಾಡಿಗೆಗೆ ಹೇಳಿದೀವಿ. ಅವರಿಗೆ ಗಡಿಯಿಂದ ರಜೆ ಸಿಕ್ಕಿದ ತಕ್ಷಣ ಎಲ್ಲರೂ ಅಲ್ಲೇ ಸೇರೋದು. ಇದನ್ನ ಹಾಕ್ಕೊಂಡು ಸಾಲಾಗಿ ನಿಂತು ಫೋಟೋ ತೆಗೆಸ್ಕೊಳ್ಳೋದು."

ಅತ್ತೆ ಅಂದರೆ ನನ್ನ ಅಕ್ಕ. ನನ್ನ ಹೆಂಡತಿ ಹೋದ ಮೇಲೆ ಮಗನನ್ನು ಸಾಕಿದವಳು ಅವಳೇ. ಈಗ ಕಣ್ಣು ಮಂಜು. ಆದರೂ ಅಂಗಡಿಯ ಮೂಲೆಯಲ್ಲಿ ಕೂತು ಬೆರಳಿನಲ್ಲೇ ತಡವಿ ಗುಂಡಿ ಹೊಲಿಯುತ್ತಾಳೆ. ಬಾಯಿಗೆ ಮಾತ್ರ ಮಂಜು ಕವಿದಿಲ್ಲ.

"ಎಲ್ಲರಿಗೂ ಒಂದೇ ಬಟ್ಟೆನಾ? ಬ್ಯಾಂಡಿನವರ ಹಾಗೆ ಕಾಣ್ತೀವಿ ಕಣೇ," ಅಂದಳು. "ಹಾಗಾದ್ರೆ ನನಗೊಂದು ಡೋಲು ಕೊಡಿಸಿಬಿಡಿ."

"ನಿಮಗೆ ಡೋಲು ಯಾಕತ್ತೆ, ಬಾಯಿ ಇದೆಯಲ್ಲ," ಅಂದಳು ಸೊಸೆ. ಮೂವರೂ ನಕ್ಕೆವು. ಆಗ ಹಾಗಿತ್ತು.

ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಯಂತ್ರಗಳಿವೆ. ಒಂದು ನನ್ನದು. ಇನ್ನೊಂದು ಮಗನದು, ಬಟ್ಟೆ ಹೊದ್ದು ಕೂತಿದೆ. ಬೀದಿಯವರೆಲ್ಲ ಅವನನ್ನು ಎಡಚ ಅಂತಲೇ ಕರೆಯುತ್ತಿದ್ದರು. ಉಣ್ಣುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಚಿಕ್ಕವನಿದ್ದಾಗ ಸೂಜಿಯನ್ನು ಬಲಗೈಗೆ ಕೊಟ್ಟು ನೋಡಿದೆ, ಆಗಲಿಲ್ಲ. "ಬಿಡೋ ತಮ್ಮಾ, ಬಟ್ಟೆಗೆ ಯಾವ ಕೈಯಾದರೇನು," ಅಂದಳು ಅಕ್ಕ. ಆಮೇಲೆ ಅವಳೇ ಅವನೆದುರಿಗೆ ಕೂತು, ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲವನ್ನೂ ತಿರುವಿ ಕಲಿಸಿದಳು. ಕೈ ಚೆನ್ನಾಗಿ ಕೂತಿತು. ಅಂಗಡಿ ಅವನದೇ ಅಂದುಕೊಂಡಿದ್ದೆ. ಅವನು ಸೈನ್ಯಕ್ಕೆ ಸೇರಿದ.

ಈ ಸಲ ಗಡಿಗೆ ಹೊರಟಾಗ ಅವನೇ ಆ ಯಂತ್ರದ ಮೇಲೆ ಕೈ ಇಟ್ಟು, "ಅಪ್ಪಾ, ಇದೇ ಕೊನೆ. ಈ ಅವಧಿ ಮುಗಿದ್ರೆ ಬಂದು ಇಲ್ಲಿ ಕೂತ್ಕೋತೀನಿ. ಎಣ್ಣೆ ಬಿಡ್ತಾ ಇರು," ಅಂದಿದ್ದ. ನಾನು ಬಿಡುತ್ತಾ ಬಂದಿದ್ದೆ. ಸಮುದ್ರದ ಹತ್ತಿರದ ಮನೆ, ಒಂದೇ ಬಣ್ಣದ ಬಟ್ಟೆ, ಇವೆಲ್ಲ ನನಗೆ ಆ ಮಾತಿನ ಮುಂಗಡದ ಹಾಗೆ ಕಂಡವು. ರಜೆಯಲ್ಲಿ ಬರುತ್ತಾನೆ, ಎದುರು ನಿಲ್ಲುತ್ತಾನೆ, ಯಾವಾಗ ಮನೆಗೆ ಬರುವುದು ಅಂತ ಬಾಯಿಬಿಟ್ಟು ಹೇಳುತ್ತಾನೆ.

ಹೊಲಿಯಲು ಕೂತೆ. ಗಿರಾಕಿಗಳ ಬಟ್ಟೆ ಹಿಂದೆ ಬಿತ್ತು. ಪಕ್ಕದ ಇಸ್ತ್ರಿಯವನು ಇಣುಕಿ, "ಏನ್ ಯಜಮಾನ್ರೇ, ಮಗ ಬರ್ತಾನೆ ಅಂತ ಆಕಾಶಾನೇ ಕತ್ತರಿಸ್ತಾ ಇದೀರಾ?" ಅಂದ. ಅಕ್ಕನಿಗೂ ನನಗೂ ನಿಲುವಂಗಿ, ಸೊಸೆಗೆ ಉದ್ದ ಕೈಯ ಅಂಗಿ, ಗುಬ್ಬಿಗೆ ನೆರಿಗೆ ಫ್ರಾಕು. ಗುಬ್ಬಿ ನನ್ನ ಮೊಮ್ಮಗಳು, ತಾಯಿಯ ಜೊತೆ ಬೇರೆ ಮನೆಯಲ್ಲಿದೆ. ಅದರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದಕ್ಕೇ ಆ ಹೆಸರು. ಮಗನ ಷರಟಿಗೆ ಕೈ ಹಾಕಿದಾಗ ನಿಂತುಬಿಟ್ಟೆ. ಹಳೆಯ ಅಳತೆ ಇತ್ತು, ಆದರೆ ಆ ಚಳಿ, ಆ ಅನ್ನ, ಆ ನಿದ್ದೆಗೇಡು ಅವನ ಮೈಯನ್ನು ಏನು ಮಾಡಿದೆಯೋ ಯಾರಿಗೆ ಗೊತ್ತು?

"ಬಡವಾಗಿರ್ತಾನೆ," ಅಂದಳು ಅಕ್ಕ.

"ಭುಜ ಅಗಲ ಆಗಿರುತ್ತೆ," ಅಂದೆ ನಾನು.

"ನೀನು ಫೋಟೋ ನೋಡಿ ಹೇಳ್ತಿದೀಯ. ನಾನು ಫೋನಿನಲ್ಲಿ ಅವನು ಉಸಿರಾಡೋದು ಕೇಳಿ ಹೇಳ್ತಿದೀನಿ."

ಅಂತೂ ಅಂದಾಜಿನ ಮೇಲೆ ಕತ್ತರಿಸಿ, ಪಕ್ಕದಲ್ಲಿ ಬಟ್ಟೆ ಉಳಿಸಿ ಹೊಲಿದೆ.

ನಮ್ಮ ಅಪ್ಪನ ಕಾಲದಿಂದ ಒಂದು ನಡವಳಿಕೆ ಇದೆ. ಮನೆಯವರ ಬಟ್ಟೆಯ ಕೆಳಅಂಚನ್ನು ಮೊದಲೇ ಮುಗಿಸುವುದಿಲ್ಲ. ಮಡಿಚಿ, ಬಿಳಿ ನೂಲಿನಲ್ಲಿ ಉದ್ದುದ್ದಕ್ಕೆ ಕಚ್ಚಾ ಹೊಲಿಗೆ ಹಾಕಿ ಬಿಡುತ್ತೇವೆ. ತೊಟ್ಟವರು ಎದುರಿಗೆ ಬಂದು ನಿಲ್ಲಬೇಕು, ಒಂದು ಸುತ್ತು ತಿರುಗಬೇಕು. ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲ ಅಂತ ನೋಡಿ, ಸರಿ ಮಾಡಿ, ಪಕ್ಕಾ ಹೊಲಿಗೆ ಹಾಕಿ, ಕೊನೆಗೆ ಕಚ್ಚಾ ನೂಲಿನ ಗಂಟು ಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತೇವೆ. ನೂಲು ತುಂಡಾಗದೆ ಬಂದರೆ ಬಟ್ಟೆ ಬಾಳುತ್ತದೆ ಅಂತ ಮಾತು. ಹೊಲಿದವನೇ ಎಳೆಯಬೇಕು. ಬಲಗೈಯವನಾದ ನಾನು ಬಲದಿಂದ ಎಡಕ್ಕೆ ಹೋಗುತ್ತೇನೆ, ಹಾಗಾಗಿ ನನ್ನ ಗಂಟು ಯಾವಾಗಲೂ ಬಲಗಡೆ ಇರುತ್ತದೆ. ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುತ್ತದೆ.

ಎಲ್ಲ ತಯಾರಾಗಿ ಗೋಡೆಯ ಮೊಳೆಗಳಿಗೆ ಸಾಲಾಗಿ ತೂಗುಹಾಕಿದ್ದಾಗ ಸೊಸೆ ಬಂದಳು. ಬಾಗಿಲಲ್ಲೇ ನಿಂತಳು.

"ರಜೆ ರದ್ದಾಯ್ತು ಮಾವ."

ನನ್ನ ಕೈಯಲ್ಲಿ ಕತ್ತರಿ ಇತ್ತು. ಮೇಜಿನ ಮೇಲೆ ಇಟ್ಟೆ.

"ಮೇಲಿಂದ ಹುಕುಂ ಬಂದಿದೆಯಂತೆ. ಯಾರಿಗೂ ಬಿಡಲ್ವಂತೆ. ಮನೇನೂ ಬೇಡ ಅಂತ ಹೇಳ್ಬಿಟ್ವಿ."

"ಮುಂದೆ ಯಾವಾಗ?" ಕೇಳಿದಳು ಅಕ್ಕ.

"ಗೊತ್ತಿಲ್ಲ ಅತ್ತೆ." ಅವಳು ಮೊಳೆಗಳ ಕಡೆ ನೋಡುತ್ತಿದ್ದಳು. "ನಮ್ಮ ಮೂರು ಬಟ್ಟೆ ನಮ್ಮಲ್ಲೇ ಇರಲಿ ಮಾವ. ಇಲ್ಲಿ ಇಲಿ ಕಾಟ. ಗುಬ್ಬಿಗೆ ಶಾಲೆ ರಜೆ, ಅವಳನ್ನ ಕರ್ಕೊಂಡು ಅಮ್ಮನ ಮನೆಗೆ ಹೋಗಿ ಬರ್ತೀನಿ."

ನಾನೇ ಮಡಿಚಿ ಕೊಟ್ಟೆ. "ನೂಲು ಮಾತ್ರ ತೆಗೀಬೇಡ ಕಣಮ್ಮಾ. ಅವನು ಬಂದಾಗ ಇಲ್ಲಿಗೇ ತನ್ನಿ," ಅಂದೆ. "ಗೊತ್ತು ಮಾವ," ಅಂದಳು. ನನ್ನದೂ ಅಕ್ಕನದೂ ಮೊಳೆಯಲ್ಲೇ ಉಳಿದವು.  

ಶಾಲೆ ಮತ್ತೆ ಶುರುವಾದ ಮೇಲೆ ಸೊಸೆ ಅದೇ ಮೂರು ಬಟ್ಟೆಗಳನ್ನು ಚೀಲದಲ್ಲಿ ತಂದಳು. ಒಗೆದು ಇಸ್ತ್ರಿ ಮಾಡಿದ್ದವು. "ಬೀರುವಿನಲ್ಲಿ ವಾಸನೆ ಹಿಡಿದಿತ್ತು, ಅದಕ್ಕೆ ಒಂದು ಸಲ ಒಗೆದೆ," ಅಂದಳು, ನಾನು ಕೇಳುವ ಮೊದಲೇ. "ಗುಬ್ಬಿ ಬೆಳೆದುಬಿಟ್ಟಿದಾಳೆ, ಫ್ರಾಕು ಸ್ವಲ್ಪ ಇಳಿಸಬೇಕು. ಮಿಕ್ಕಿದ್ದೂ ನಿಮ್ಮ ಹತ್ತಿರವೇ ಇರಲಿ. ಅವರು ಬಂದ ಮೇಲೆ ನೀವೇ ನೂಲು ತೆಗೆದು ಮುಗಿಸಿಕೊಡಿ."

"ಗುಬ್ಬಿ ಎಲ್ಲಿ?"

"ಶಾಲೇಲಿ ಏನೋ ಹಾಡು ಕಲಿಸ್ತಿದಾರೆ."

ಬಂದಷ್ಟೇ ಬೇಗ ಹೊರಟಳು. ಕೂರಲೂ ಇಲ್ಲ.

ಫ್ರಾಕನ್ನು ಮೇಜಿನ ಮೇಲೆ ಹರಡಿದೆ. ಇಳಿಸಬೇಕಾದರೆ ಕಚ್ಚಾ ನೂಲು ಎಳೆಯಬೇಕು. ಮಡಿಕೆ ತಡವುವಾಗ ಬೆರಳಿಗೆ ಗರಗರ ಅಂತು. ನೋಡಿದರೆ ಮರಳು. ಒಂದು ಚಿಟಿಕೆ, ಬಿಳಿಯದು, ಸಣ್ಣದು. ಮಗುವಲ್ಲವೇ, ಅಜ್ಜಿ ಮನೆಯಲ್ಲಿ ಮರಳಿನ ರಾಶಿ ಇದ್ದಿರಬಹುದು, ಹಟ ಮಾಡಿ ಹಾಕಿಕೊಂಡಿರಬಹುದು, ಅಂದುಕೊಂಡೆ. ಒಳ್ಳೆಯ ಕಡೆಗೇ ಯೋಚನೆ ಹರಿಸುವುದು ಮುದುಕರ ಚಾಳಿ. ಗಂಟು ಹಿಡಿಯಲು ಕೈ ಹಾಕಿದೆ.

ಗಂಟು ಇರಲಿಲ್ಲ.

ತಡವುತ್ತಾ ಸುತ್ತ ಬಂದೆ. ಎಡಗಡೆ ಸಿಕ್ಕಿತು. ಹೊಲಿಗೆ ಎಡದಿಂದ ಹೊರಟು ಬಲಕ್ಕೆ ಹೋಗಿತ್ತು. ಉದ್ದ ನನ್ನ ಹೊಲಿಗೆಯಷ್ಟೇ, ಬಿಡುವೂ ಅಷ್ಟೇ, ನೂಲೂ ಬಿಳಿಯದೇ. ಸೊಸೆಯ ಅಂಗಿ ನೋಡಿದೆ. ಎಡಗಡೆ. ಷರಟು ನೋಡಿದೆ. ಎಡಗಡೆ. ಸೊಸೆಗೆ ಸೂಜಿಗೆ ನೂಲು ಪೋಣಿಸಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಅದು ಹಳೆಯ ನಗೆಚಾಟಿಕೆ.

ಸ್ಟೂಲಿನ ಮೇಲೆ ಕೂತೆ. ಷರಟು ತೊಡೆಯ ಮೇಲಿತ್ತು. ಕಾಲರಿನ ಮಡಿಕೆಯಲ್ಲೂ ಅದೇ ಮರಳು. ಅವನು ಬಂದಿದ್ದ. ತೊಟ್ಟಿದ್ದ. ಸಮುದ್ರದ ಮುಂದೆ ನಿಂತಿದ್ದ. ಹೊರಡುವ ಮೊದಲು ಒಂದು ಕಡೆ ಕೂತು, ನಾನು ಮೋಸ ಹೋಗಲಿ ಅಂತ, ನಾವು ಕಲಿಸಿದ ಹೊಲಿಗೆಯನ್ನೇ ನಿಧಾನವಾಗಿ, ಒಂದೇ ಅಳತೆಯಲ್ಲಿ ಹಾಕಿದ್ದ. ಬಾರದೆ ಹೋದದ್ದನ್ನು ನುಂಗಬಹುದಿತ್ತೇನೋ. ಅಷ್ಟು ಹೊತ್ತು ಕೂತು ಹೊಲಿದಿದ್ದಾನಲ್ಲ, ಅದನ್ನಲ್ಲ. ಗುಬ್ಬಿಯನ್ನು ಯಾಕೆ ಕರೆತರಲಿಲ್ಲ ಅನ್ನುವುದೂ ತಿಳಿಯಿತು.

ಅಕ್ಕ ಒಳಗೆ ಅಡುಗೆಮನೆಯಲ್ಲಿದ್ದಳು. "ಬಟ್ಟೆ ತಂದಳೇನೋ? ಅವನ ಷರಟಿನ ಮೇಲಿನ ಗುಂಡಿ ನಾನು ಹಾಕ್ಬೇಕು, ಮರೆತು ನೀನು ಹಾಕಿಬಿಟ್ಟೀಯ," ಅಂತ ಕೂಗಿದಳು. "ಆಮೇಲೆ," ಅಂದೆ.

ಭಾನುವಾರ ಫೋನು ಬಂತು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಅಪ್ಪಾ, ಹೇಗಿದೀಯಾ?"

"ಇದೀನಿ ಕಣೋ."

"ರಜೆದೇ ಬೇಜಾರು ನೋಡು. ಎಷ್ಟು ಕೇಳಿಕೊಂಡ್ರೂ ಬಿಡ್ಲಿಲ್ಲ. ಇಲ್ಲಿ ಪರಿಸ್ಥಿತಿ ಹಾಗಿದೆ." ಸುಳ್ಳು ಹೇಳುವಾಗ ಅವನ ದನಿ ಸ್ವಲ್ಪ ಜೋರಾಗುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಪೂರ್ತಿ ಹೇಳಿ ಮುಗಿಸಲಿ ಅಂತ ಬಿಟ್ಟೆ. "ಬಟ್ಟೆ ಬಂತಾ?" ಅಂತ ಕೊನೆಗೆ ಕೇಳಿದ.

"ಬಂತು. ಕಚ್ಚಾ ಹೊಲಿಗೆ ಚೆನ್ನಾಗಿ ಹಾಕಿದೀಯ. ಕೈ ಮರೆತಿಲ್ಲ," ಅಂದೆ. "ಗಂಟು ಮಾತ್ರ ಎಡಗಡೆ ಬಂದಿದೆ."

ಅತ್ತ ಕಡೆ ಗಾಳಿಯ ಸದ್ದು. 

"ಅಪ್ಪಾ..."

"ಹೇಳು."

"ಇನ್ನೊಂದು ಅವಧಿಗೆ ಸಹಿ ಹಾಕಿಬಿಟ್ಟೆ ಅಪ್ಪಾ. ಆಗಲೇ ಆಯ್ತು. ನನ್ನ ಹುಡುಗರೆಲ್ಲ ಇಲ್ಲೇ ಇದಾರೆ, ಅವರನ್ನ ಬಿಟ್ಟು ಬರೋಕೆ... ನಿನ್ನ ಮುಂದೆ ನಿಂತ್ರೆ ನೀನು ಯಾವಾಗ ಬರ್ತೀಯ ಅಂತ ಕೇಳೇ ಕೇಳ್ತೀಯ. ನಿನ್ನ ಹತ್ತಿರ ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ."

"ಆಗಲ್ಲ ಅಂತ ಯಾರು ಹೇಳಿದ್ರು? ಆಯ್ತಲ್ಲ."



"ಫೋಟೋದಲ್ಲಿ ಬಿಳಿ ನೂಲು ಕಾಣುತ್ತೆ ಅಂತ ಬಿಚ್ಚಿದ್ವಿ. ಮಡಿಕೆ ಇಸ್ತ್ರಿ ಮೇಲೇ ನಿಂತಿತ್ತು. ಆಮೇಲೆ ನನಗೇ ತಡೀಲಿಲ್ಲ. ನೂಲು ನೀನೇ ಎಳೀಬೇಕು ಅಂತ ಮತ್ತೆ ಹಾಕ್ದೆ. ಅಷ್ಟಾದ್ರೂ ನಿನಗೆ ಉಳೀಲಿ ಅಂತ."

 ಇನ್ನೊಬ್ಬ ಹೊಲಿದ ನೂಲನ್ನು ನಾನು ಯಾಕೆ ಎಳೆಯಲಿ?

"ಅತ್ತೆಗೆ ಮಾತ್ರ ಹೇಳ್ಬೇಡ ಅಪ್ಪಾ. ಅವಳು ತಡ್ಕೊಳಲ್ಲ. ರಜೆ ರದ್ದಾಗಿದೆ ಅಂತಲೇ ಇರಲಿ."

ಸುಳ್ಳಿನ ಒಂದು ತುದಿ ಅವನ ಕೈಯಲ್ಲಿ, ಒಂದು ಸೊಸೆಯ ಕೈಯಲ್ಲಿತ್ತು. ಇನ್ನೊಂದನ್ನು ನನ್ನ ಕೈಗೂ ಕೊಟ್ಟ.  "ಮೈ ನೋಡ್ಕೋ," ಅಂದೆ. ಫೋನು ಇಟ್ಟೆ.

ಹಿಂದೆ ತಿರುಗಿದರೆ ಅಕ್ಕ ಒಳಗೆ ಬಂದಿದ್ದಳು. ಖಾಲಿ ಬುಟ್ಟಿ ಕೆಳಗಿಟ್ಟು, ತನ್ನ ಮೂಲೆಯಲ್ಲಿ ಕೂತು, ಕೈ ಚಾಚಿದಳು.

"ಎಡಚನಾ ಫೋನಿನಲ್ಲಿ? ನನಗೆ ಕೊಡ್ಬಾರದಿತ್ತೇನೋ? ಹೋಗಲಿ, ಆ ಷರಟು ಕೊಡಿಲ್ಲಿ. ಗುಂಡಿ ಹಾಕ್ತೀನಿ."

ಕೊಡದೆ ಇರಬಹುದಿತ್ತು. ಇಲಿ ಕಡಿದಿದೆ ಅನ್ನಬಹುದಿತ್ತು, ಇಸ್ತ್ರಿಯವನ ಹತ್ತಿರ ಇದೆ ಅನ್ನಬಹುದಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಅವಳ ಹತ್ತಿರ ಹಾಗೆಲ್ಲ ಹೇಳಿ ನನಗೆ ಅಭ್ಯಾಸವಿಲ್ಲ. ಕೊಟ್ಟೆ.

ಅವಳು ಮೊದಲು ಭುಜ ತಡವಿದಳು. ಆಮೇಲೆ ತೋಳು. ಆಮೇಲೆ, ಗುಂಡಿಪಟ್ಟಿ ಹುಡುಕುತ್ತಾ, ಕೆಳಅಂಚಿಗೆ ಬಂದಳು. ಬೆರಳು ಹೊಲಿಗೆಯ ಮೇಲೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಗಂಟನ್ನು ಹೆಬ್ಬೆರಳಲ್ಲಿ ಹೊರಳಿಸಿದಳು. ಅವನ ಎದುರಿಗೆ ಕೂತು ಆ ಗಂಟು ಹಾಕಲು ಕಲಿಸಿದವಳು ಅವಳು. ನಾನು ನನ್ನ ಕಾಲ ಕೆಳಗಿನ ಚಿಂದಿ ನೋಡುತ್ತಿದ್ದೆ.

"ಬಂದಿದ್ದನಾ?" ಅಂದಳು.

"ಬಂದಿದ್ದ."

"ಊರು ದಾಟಿಕೊಂಡೇ ಹೋಗಿರಬೇಕಲ್ಲ."

"ಹೂಂ."

"ನಾವು ಬದುಕಿದೀವಿ ಅಂತ ಗೊತ್ತಲ್ಲ ಅವನಿಗೆ?"

ನಾನು ಸಹಿ ಹಾಕಿದ ವಿಷಯ ಹೇಳಿದೆ. ಹುಡುಗರ ವಿಷಯ ಹೇಳಿದೆ. ಬಚ್ಚಿಡಲು ಹೇಳಿದ್ದನ್ನೂ ಹೇಳಿದೆ. ಅವಳು ಅಳಲಿಲ್ಲ. ಅಳುತ್ತಾಳೆ ಅಂತ ಅವನು ಅಂದುಕೊಂಡಿದ್ದ. ಅವಳನ್ನು ಅವನು ತಿಳಿದದ್ದೇ ಅಷ್ಟು. ಗುಂಡಿಗೆ ಅಂತ ಪೋಣಿಸಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟಳು. ಷರಟನ್ನು ಗುಂಡಿಯಿಲ್ಲದೆಯೇ ಮಡಿಚಿದಳು, ಅಂಗಡಿಯ ಮಡಿಕೆ, ತೋಳು ಹಿಂದಕ್ಕೆ, ಕಾಲರು ಮೇಲೆ. ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಕೇಳಿದಳು:

"ಸರಿಯಾಗಿ ಕೂತಿತ್ತಂತಾ?"

"ಏನು?"

"ಷರಟು ಕಣೋ. ಭುಜದಲ್ಲಿ ಎಳೀತಿತ್ತೋ, ಸಡಿಲ ಆಗಿತ್ತೋ? ಕೇಳಿದ್ಯಾ?"

ಕೇಳಿರಲಿಲ್ಲ. ಅಷ್ಟೆಲ್ಲ ಮಾತಾಡಿ ಅದೊಂದನ್ನು ಕೇಳಿರಲಿಲ್ಲ. ಅವಳು ತಲೆಯಾಡಿಸಿ ಷರಟನ್ನು ನನ್ನ ಕಡೆ ನೀಡಿದಳು. ಅದನ್ನು ಮಗನ ಯಂತ್ರದ ಮೇಲೆ, ಹೊದಿಕೆಯ ಅಡಿಯಲ್ಲಿ ಇಟ್ಟೆ. ಆಮೇಲೆ ಆ ಯಂತ್ರಕ್ಕೆ ಎಣ್ಣೆ ಬಿಟ್ಟಿಲ್ಲ. ಅವನು ಬಡವಾಗಿದ್ದನೋ, ಭುಜ ಅಗಲವಾಗಿತ್ತೋ, ನಮ್ಮಿಬ್ಬರಲ್ಲಿ ಯಾರ ಮಾತು ನಿಜವಾಗಿತ್ತು ಅನ್ನುವುದು ನಮಗೆ ಇವತ್ತಿಗೂ ಗೊತ್ತಿಲ್ಲ.