ಟೀಸಿ ಕೊಡ್ರಿ ಸಾವ್ಕಾರ್ರ

“ಬಾಯಿ ಮುಚ್ಚಬೇ! ನನ್ನ ಅಂಗಳದಾಗ ನಿಂತು ನನಗ ಟೀಸಿ ಕೇಳ್ತೀಯೇನು?”

ಅಮರಗುಂಡಪ್ಪ ಸಾವುಕಾರ ಕಟ್ಟೆಯ ಮೇಲಿಂದಲೇ ಎಲೆಅಡಿಕೆ ಉಗಿದ. ಅದು ಪಕೀರಮ್ಮನ ಕಾಲಿನಿಂದ ಒಂದು ಗೇಣು ದೂರದಲ್ಲಿ ಬಿತ್ತು. ಅವಳು ಕಾಲು ಹಿಂದಕ್ಕೆ ತೆಗೆಯಲಿಲ್ಲ. ತೆಗೆದರೆ ಅದೂ ಒಂದು ಸೊಕ್ಕು ಅನ್ನಿಸಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

“ಮೂರು ವರ್ಸ ಪುಕ್ಕಟೆ ಓದಿಸೀನಿ ನಿನ್ನ ಮಗಳನ್ನ. ಕಾಲಿಗೆ ಬೂಟು, ಕೊಳ್ಳಾಗ ಟೈ. ಏಳನೆತ್ತ ಪಾಸಾದ ಕೂಡಲೇ ಸರಕಾರಿ ಹೈಸ್ಕೂಲಿಗೆ ಹಾಕ್ತೀನಂತಿ. ಏನೈತಿಲೇ ಅಲ್ಲಿ? ಸೋರೂ ಕೋಲಿ, ಬಾರದ ಮಾಸ್ತರು.”

“ಮನಿಗೆ ಸಮೀಪ ಆಕ್ಕೈತಿ ಅಂತ್ರಿ ಸಾವ್ಕಾರ್ರ.”

“ಸಮೀಪಂತ, ಸಮೀಪ! ಹೊಲಗೇರ್ಯಾಗ ಹುಟ್ಟಿ ಯಶೋಧರಾ ಅಂತ ಹೆಸರು ಇಟಗೊಂಡಾಗನ ನನಗ ಗೊತ್ತಾಗಬೇಕಿತ್ತು ನಿಮ್ಮ ಸೊಕ್ಕು. ಯಾವ ಭಾಡ್ಯಾ ಹೇಳಿಕೊಟ್ಟ ನಿನಗ ಇದನ್ನ?”

“ಯಾರೂ ಇಲ್ರೀ. ನಾನ ಬಂದೀನ್ರಿ.”

“ಹಂಗಾರ ಕೇಳು. ಬರೂ ತಿಂಗಳ ಹದಿನೈದನೇ ತಾರೀಖಿಗೆ ಹೈದರಾಬಾದಿನ ದೊಡ್ಡ ಮಂದಿ ಬರಾಕತ್ತಾರ. ನಮ್ಮ ಸಾಲಿಗೆ ಹೊಸಾ ಬಿಲ್ಡಿಂಗ್ ಕಟ್ಟಿಸಿಕೊಡವ್ರು. ಅವರ ಮುಂದ ನಿನ್ನ ಮಗಳು ಇಂಗ್ಲಿಷ್‌ನ್ಯಾಗ ಭಾಷಣ ಮಾಡ್ತಾಳ. ಅದಾದ ಮ್ಯಾಲ ಟೀಸಿ ಅಲ್ಲ, ಆಕಿ ಹೆಣಾ ಬೇಕಾದ್ರೂ ಒಯ್ಯಿ. ನಡಿ, ಹಲ್ಕಟ್ ರಂಡಿ.”

ಪಕೀರಮ್ಮ ತಿರುಗಿದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಸಾವುಕಾರನ ಹೆಂಡತಿ ಕಸ್ತೂರೆಮ್ಮ ಕರೆದಳು.

“ಏ ಪಕೀರಿ, ಹೆಂಗೂ ಬಂದೀಯಲ್ಲ, ದನದ ಕೊಟಿಗಿ ಬಳದು ಹೋಗು.”

ಪಕೀರಮ್ಮ ಕೊಟ್ಟಿಗೆ ಬಳಿದೇ ಹೋದಳು.

ಸರಕಾರಿ ಹೈಸ್ಕೂಲಿನ ಯೋಚನೆ ಅವಳಿಗೆ ಬಂದದ್ದು ಅದು ಸಮೀಪ ಎಂದಲ್ಲ. ಮಸ್ಕಿಯಿಂದ ಸಂತೆಕಲ್ಲೂರಿಗೆ ಹೋಗುವ ರಸ್ತೆಯಿಂದ ಒಳಗಿರುವ ಕೆಂಗಲ್ಲಹಾಳದಲ್ಲಿ ಎರಡು ಹೈಸ್ಕೂಲುಗಳಿದ್ದವು. ಬಸ್‌ಸ್ಟ್ಯಾಂಡಿನ ಹತ್ತಿರ ಬಣ್ಣ ಬಳಿದ ಸಾವುಕಾರನ ಶಾಲೆ. ಕೇರಿಯ ಆಚೆ, ಕಾಲುವೆಯ ಪಕ್ಕಕ್ಕೆ ಸರಕಾರದ್ದು. ಮೂರು ವರ್ಷದ ಹಿಂದೆ ಸಾವುಕಾರ ಕೇರಿಯ ಆರು ಹುಡುಗಿಯರನ್ನು ಆರಿಸಿ ತನ್ನ ಶಾಲೆಗೆ ಪುಕ್ಕಟೆ ಸೇರಿಸಿಕೊಂಡಾಗ ಪಕೀರಮ್ಮನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ದಿನಾ ಸಂಜೆ ಹೊಲದಿಂದ ಬಂದವಳೇ ಮೊದಲು ಮಗಳ ಬಿಳಿ ಸಾಕ್ಸು ತೊಳೆದು ತಂತಿಗೆ ಹಾಕುವಳು. ತನ್ನ ಕೈಕಾಲು ತೊಳೆದುಕೊಳ್ಳುವುದು ಆಮೇಲೆ.

ಈ ಬೇಸಿಗೆ ರಜೆಯಲ್ಲಿ ಹೆಡ್ಮಾಸ್ತರು ಯಶೋಧರಾಳನ್ನು ದಿನಾ ಶಾಲೆಗೆ ಕರೆಸಿ ಭಾಷಣ ಕಲಿಸತೊಡಗಿದರು. ಹುಡುಗಿ ಮನೆಗೆ ಬಂದು ಕೊಡದ ಪಕ್ಕ ನಿಂತು ಬಾಯಿಪಾಠ ಮಾಡುವಳು. ಪಕೀರಮ್ಮನಿಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಆದರೆ ಆ ಓಟಕ್ಕೆ ತಕ್ಕಂತೆ ಅವಳ ಕೈ ರೊಟ್ಟಿ ಬಡಿಯುತ್ತಿತ್ತು. ಪಕ್ಕದ ಮನೆಯವರನ್ನೂ ಕರೆದು ಕೇಳಿಸಿದಳು. “ನೋಡ್ರೇ, ಹೆಂಗ ಹರಳು ಹುರಿದಂಗ ಅಂತಾಳ!”

ಮಗಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

“ಅದರ ಅರ್ಥಾ ಏನಬೇ?”

“ಏನಿಲ್ಲವ್ವಾ. ಥ್ಯಾಂಕ್ಸ್ ಅಂತ ಐತಿ.”

“ಇಷ್ಟುದ್ದ ಥ್ಯಾಂಕ್ಸಾ?”

ಮೂರನೆಯ ದಿನ ಸಂಜೆ ಹುಡುಗಿ ಕೆಂಪಾದ ಮುಖ ಹೊತ್ತು ಬಂದಳು. ತುಟಿ ಒಡೆದಿದ್ದವು. ಏನಾಯಿತೆಂದು ತಾಯಿ ಬಿಡದೆ ಕೇಳಿದಾಗ ಗೋಡೆಯ ಕಡೆ ಮುಖ ಮಾಡಿ ಹೇಳಿದಳು.

“ಅಳಬೇಕಂತ. ಭಾಷಣದಾಗ ನಡುವ ನಿಂತು ಕಣ್ಣು ಒರಸಿಕೋಬೇಕಂತ. ನನಗ ಅಳು ಬರಲಿಲ್ಲ. ಅದಕ್ಕ ಬಿಸಲಾಗ ನಿಲ್ಲಿಸಿದ್ರು.”

“ಅಳುವಂಥಾದ್ದು ಏನೈತಿ ಅದರಾಗ? ಪೂರಾ ಹೇಳು ನನಗ. ಕನ್ನಡದಾಗ ಹೇಳು.”

ಯಶೋಧರಾ ಪಾಠ ಒಪ್ಪಿಸುವಂತೆ ಒಂದೇ ದನಿಯಲ್ಲಿ ಹೇಳಿದಳು.

“ನಾನು ಕಸದಾಗ ಹುಟ್ಟಿದಾಕಿ. ನಮ್ಮಪ್ಪ ಕುಡುಕ. ದಿನಾ ಕುಡದು ಬಂದು ನನ್ನ ಬಡೀತಾನ. ನಮ್ಮವ್ವಗ ಮಕ್ಕಳನ್ನ ಸ್ವಚ್ಛ ಇಡೂದು ಗೊತ್ತಿಲ್ಲ. ಅಪ್ಪಾಜಿ ಅಮರಗುಂಡಪ್ಪನವರು ನನ್ನ ಆ ಕಸದಾಗಿಂದ ಎತ್ತಿ ಮನುಷ್ಯಾಳನ್ನ ಮಾಡಿದ್ರು.”

ಹಂಚಿನ ಮೇಲೆ ರೊಟ್ಟಿ ಹೊತ್ತಿತು. ಯಾರೂ ಅದನ್ನು ತೆಗೆಯಲಿಲ್ಲ.

ಹೊಸ್ತಿಲಲ್ಲಿ ಕುಳಿತಿದ್ದ ಗಂಡ ಮಲ್ಲೇಶ ತಲೆ ಎತ್ತಿದ. ಅವನು ಸಾವುಕಾರನ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ. ಹತ್ತಿ ಅಂಡಿಗೆ ಹೊತ್ತು ಬೆನ್ನು ಬಾಗಿಸಿಕೊಂಡವನು. ಹಮಾಲರೆಲ್ಲ ಸಂಜೆ ಹೆಂಡದ ಅಂಗಡಿಗೆ ಹೋದರೆ ಇವನೊಬ್ಬ ಚಾ ಕುಡಿದು ಮನೆಗೆ ಬರುವನೆಂದು ಅವರು ಇವನಿಗೆ ‘ಸ್ವಾಮಿ’ ಎಂದು ಅಡ್ಡಹೆಸರಿಟ್ಟಿದ್ದರು.

“ಕುಡುಕ ಅನ್ನಾಕ ಇಂಗ್ಲಿಷ್‌ನ್ಯಾಗ ಏನಂತಾರವ್ವಾ?” ಎಂದು ಮೆಲ್ಲಗೆ ಕೇಳಿದ.

“ಡ್ರಂಕರ್ಡ್, ಅಪ್ಪಾ.”

ಮಲ್ಲೇಶ ಅದನ್ನು ಬಾಯೊಳಗೇ ಎರಡು ಸಲ ಅಂದು ನೋಡಿದ. ನಾಲಗೆ ಹೊರಳಲಿಲ್ಲ. ಎದ್ದು ಹೊರಗೆ ಹೋದ.

ಟೀಸಿ ಕೇಳಿ ಬಂದ ಮರುದಿನ ಬೆಳಿಗ್ಗೆ ಹೆಣ್ಣಾಳುಗಳನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿ ಪಕೀರಮ್ಮನ ಮುಂದೆ ನಿಲ್ಲಲಿಲ್ಲ. ಒಳಗಿದ್ದ ಹೆಂಗಸರು ಬೇರೆ ಕಡೆ ನೋಡುತ್ತಿದ್ದರು. ಮಧ್ಯಾಹ್ನಕ್ಕೆ ಮಲ್ಲೇಶನೂ ಬುತ್ತಿ ಗಂಟು ಬಿಚ್ಚದೆ ಮನೆಗೆ ಬಂದ.

“ಮಗಳು ಭಾಷಣ ಮಾಡಿದ ಮ್ಯಾಲ ಕೆಲಸಕ್ಕ ಬಾ ಅಂದ್ರು” ಎಂದ. ಬುತ್ತಿ ಗಂಟನ್ನು ಗೂಟಕ್ಕೆ ಹಾಕಿದ. “ಒಂದು ದಿನದ ಮಾತು. ಅಂದು ಬರಲಿ ಬಿಡು. ಕುಡುಕ ಅನ್ನಿಸಿಕೊಂಡ್ರ ನಾ ಏನು ಸಾಯ್ತೀನೇನು?”

“ನೀ ಸಾಯಂಗಿಲ್ಲ. ಆಕಿ ಅಷ್ಟು ಮಂದಿ ಮುಂದ ಅಂದು ಬಂದು ನಿನ್ನ ಮಾರಿ ಹೆಂಗ ನೋಡಬೇಕು?”

“ಆಕಿ ಶಾಣ್ಯಾಕಿ ಅದಾಳ. ಸುಳ್ಳಂತ ಗೊತ್ತೈತಿ ಆಕಿಗೆ.”

“ಈ ವರ್ಸ ಗೊತ್ತಿರತೈತಿ. ಒಮ್ಮೆ ಅಂದ್ರ ಬಿಡ್ತಾರೇನು ಅವರು? ಮುಂದಿನ ವರ್ಸ? ಆಮ್ಯಾಗಿನ ವರ್ಸ? ಅಂದೂ ಅಂದೂ ಅದ ಖರೆ ಆಕ್ಕೈತಿ.”

ಅವಳು ಸರಕಾರಿ ಹೈಸ್ಕೂಲಿನ ಕಡೆ ಹೊರಟಾಗ ಹೊಸ್ತಿಲಲ್ಲಿದ್ದ ಮಲ್ಲೇಶ ಸರಿದು ದಾರಿ ಬಿಟ್ಟ.

ಸರಕಾರಿ ಹೈಸ್ಕೂಲಿನ ಹೆಡ್ಮೇಡಂ ಕಹಕಶಾ ಪಡಸಾಲೆಯಲ್ಲಿ ಕುಳಿತು ಹೊಸ ಪಠ್ಯಪುಸ್ತಕಗಳ ಕಟ್ಟು ಬಿಚ್ಚುತ್ತಿದ್ದರು. ಪಕೀರಮ್ಮ ನೇರ ಅವರ ಹತ್ತಿರ ಹೋಗಲಿಲ್ಲ. ಮೊದಲು ಶಾಲೆಯನ್ನು ಒಂದು ಸುತ್ತು ಹಾಕಿದಳು. ನಳ ತಿರುಗಿಸಿದಳು, ನೀರು ಬರಲಿಲ್ಲ. ಕಕ್ಕಸಿನ ಬಾಗಿಲು ದೂಡಿ ನೋಡಿದಳು. ಎಂಟನೆಯ ತರಗತಿಯ ಕೋಣೆಯ ಗೋಡೆ ಸೂರಿನಿಂದ ನೆಲದವರೆಗೆ ಕಪ್ಪಾಗಿತ್ತು. ಸಂತೆಯಲ್ಲಿ ಆಡು ಕೊಳ್ಳುವವಳ ಹಾಗೆ ಎಲ್ಲವನ್ನೂ ನೋಡಿ ಆಮೇಲೆ ಬಂದು ನಿಂತಳು.

“ಕಕ್ಕಸ ಯಾರ ಕಡೆಯಿಂದ ತೊಳಸ್ತೀರಿ ಮೇಡಮ್ಮಾರ?”

ಕಹಕಶಾ ಮುಖವೆತ್ತಿ ನೋಡಿದರು. “ಪಂಚಾಯತಿಯಿಂದ ಒಬ್ಬಾವ ಬರ್ತಾನ. ಅವ ಬರದಿದ್ರ ಹಂಗ ಇರತೈತಿ. ಹುಡುಗರ ಕಡೆಯಿಂದ ತೊಳಸಂಗಿಲ್ಲ.”

“ಮಾಸ್ತರು ಪೂರಾ ಅದಾರ್ರಿ?”

“ಸುಳ್ಳು ಯಾಕ ಹೇಳ್ಲಿ? ಗಣಿತಕ್ಕ ಎರಡು ವರ್ಸದಿಂದ ಯಾರೂ ಇಲ್ಲ. ಮಳಿ ಬಂದ್ರ ಎಂಟನೆತ್ತ, ಒಂಬತ್ತನೆತ್ತ ಒಂದ ಕೋಲ್ಯಾಗ ಕುಂದರ್ತಾವ.”

“ಹುಡುಗ್ರ ಬಾಯಾಗ ಏನೇನರ ಬರದು ಹಾಕಿ ಮಂದಿ ಮುಂದ ಅನ್ನಸ್ತೀರೇನ್ರಿ?”

ಕಹಕಶಾಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಪಕೀರಮ್ಮ ನಿಂತಲ್ಲೇ ಭಾಷಣದ ಕಥೆಯನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವರ ಕೈ ಪುಸ್ತಕದ ಕಟ್ಟಿನ ಮೇಲೆ ನಿಂತುಹೋಯಿತು.

“ಇಲ್ಲವ್ವಾ. ಅಂಥಾದ್ದು ಇಲ್ಲಿಲ್ಲ.”

“ಹಂಗಾರ ಬರಕೋರಿ. ಯಶೋಧರಾ, ತಂದಿ ಮಲ್ಲೇಶ.”

“ಟೀಸಿ?”

“ಕೊಡವಲ್ರು.”

ಕಹಕಶಾ ಪೆನ್ನು ಕೆಳಗಿಟ್ಟರು. “ಎಂಟನೆತ್ತದ ತನಕ ಟೀಸಿ ಇಲ್ಲಂತ ಬ್ಯಾಡ ಅನ್ನಂಗಿಲ್ಲ, ಕಾಯ್ದೆ ಐತಿ. ಖರೆ. ಆದ್ರ ನಿನ್ನೆನ ಸಾವ್ಕಾರ್ರ ಕಡೆಯಿಂದ ಫೋನ್ ಬಂದೈತಿ ನನಗ. ಈ ಹುಡುಗಿನ್ನ ಸೇರಿಸಿಕೊಂಡ್ರ ವರ್ಗಾ ಮಾಡಸ್ತಾರಂತ, ಬೀದರ್ ಕಡೆ. ಇಲ್ಲಿ ನಮ್ಮ ಅಮ್ಮೀ ಹಾಸಿಗಿ ಹಿಡದಾಳ, ಯವ್ವಾ. ಹೆಂಗರ ಮಾಡಿ ಟೀಸಿ ತಗೊಂಡು ಬಾ.”

ಪಕೀರಮ್ಮ ಅವರನ್ನೇ ದಿಟ್ಟಿಸಿದಳು. ಆ ಹೆಣ್ಣುಮಗಳ ಕಣ್ಣಲ್ಲಿ ತನ್ನ ಕಣ್ಣಲ್ಲಿದ್ದಂಥದ್ದೇ ಅಂಜಿಕೆ ಇತ್ತು. ಬಯ್ಯಬೇಕೆನಿಸಿತು, ಬಯ್ಯಲಾಗಲಿಲ್ಲ.

ಸರಕಾರಿ ಹೈಸ್ಕೂಲು ಶುರುವಾದ ದಿನವೂ ಟೀಸಿ ಸಿಕ್ಕಿರಲಿಲ್ಲ, ಹುಡುಗಿಗೆ ಸಮವಸ್ತ್ರವೂ ಇರಲಿಲ್ಲ. ಹಬ್ಬಕ್ಕೆ ತಂದಿದ್ದ ಹಳದಿ ಚೂಡಿದಾರ ಹಾಕಿಕೊಂಡಿದ್ದಳು. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ ಪಕೀರಮ್ಮ ಅವಳ ರಟ್ಟೆ ಹಿಡಿದು ಎಂಟನೆಯ ತರಗತಿಗೆ ನಡೆದಳು. ಹಾಜರಿ ಕರೆಯುತ್ತಿದ್ದ ಸಿದ್ದಲಿಂಗೇಶ ಮಾಸ್ತರು ನಿಲ್ಲಿಸಿ ನೋಡಿದರು. ಅವಳು ಮಗಳನ್ನು ಮುಂದಿನ ಬೆಂಚಿನಲ್ಲಿ ಕೂಡಿಸಿದಳು.

“ಏ ಯವ್ವಾ, ಏನು ಜಬರದಸ್ತಿ ಇದು? ಈಕಿ ಹೆಸರು ಹಾಜರ್ಯಾಗ ಇಲ್ಲ.”

“ಹೆಸರು ಆಮ್ಯಾಗ ಬರಕೋರಿ ಸರ. ಪಾಠ ಈಗ ಹೇಳ್ರಿ.”

ಹೊರಗೆ ಬಂದು ಕೋಣೆಯ ಬಾಗಿಲಿಗೆ ಅಡ್ಡವಾಗಿ, ಒಂದು ಪಕ್ಕದ ಚೌಕಟ್ಟಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ಸುದ್ದಿ ಹೋಗಲು ಹೊತ್ತು ಹಿಡಿಯಲಿಲ್ಲ. ಸಾವುಕಾರನ ಜೀಪು ಅಂಗಳದೊಳಕ್ಕೇ ನುಗ್ಗಿ ಬಂತು. ಅವನ ಹಿಂದೆ ಇಬ್ಬರು ಆಳುಗಳು. ಕಹಕಶಾ ಆಫೀಸಿನಿಂದ ಓಡಿ ಬಂದರು.

“ಎಳದು ಹಾಕ್ರಲೇ ಆ ಹುಡುಗಿನ್ನ ಹೊರಗ!” ಸಾವುಕಾರ ಕೂಗಿದ. ಆಳುಗಳು ಪಡಸಾಲೆಗೆ ಹತ್ತಿದರು. ಬಾಗಿಲಲ್ಲಿ ಕುಳಿತವಳನ್ನೂ ಒಳಗಿದ್ದ ಮಕ್ಕಳನ್ನೂ ನೋಡಿ ನಿಂತರು. ಅವರಿಬ್ಬರೂ ಕೇರಿಯವರೇ. ಒಬ್ಬನ ಮಗ ಮೂರನೆಯ ಬೆಂಚಿನಲ್ಲಿದ್ದ.

“ಏನ್ ನೋಡ್ತೀರಲೇ, ಸೂಳಿಮಕ್ಕಳ್ರಾ!” ಸಾವುಕಾರ ಅವರನ್ನು ದೂಡಿ ತಾನೇ ಮುಂದೆ ಬಂದ. “ಏಳಬೇ ಮ್ಯಾಲ.”

“ಏಳಂಗಿಲ್ರಿ. ದಾಟಿ ಹೋಗ್ರಿ ಸಾವ್ಕಾರ್ರ.” ಪಕೀರಮ್ಮ ತಲೆಯೆತ್ತಿ ನೋಡಿದಳು. “ಜಾಗ ಕಡಿಮಿ ಐತಿ. ನನ್ನ ಮುಟ್ಟೇ ಹೋಗಬೇಕಾಕ್ಕೈತಿ. ಮುಟ್ಟಿ ಹೋಗ್ರಿ.”

ಸಾವುಕಾರನ ಕಾಲು ಮೇಲಕ್ಕೆದ್ದಿತು. ನಲವತ್ತು ಮಕ್ಕಳ ಕಣ್ಣು ಆ ಕಾಲಿನ ಮೇಲಿದ್ದವು. ಕಾಲು ಕೆಳಗಿಳಿಯಿತು, ಹೊಸ್ತಿಲಿನ ಹೊರಗೇ. ಅವನು ಜೇಬಿನಿಂದ ಫೋನು ತೆಗೆದು ಯಾರಿಗೋ ಹಚ್ಚಿದ. “ಪಿಎಸ್ಐ ಸಾಹೇಬ್ರನ್ನ ಕಳಸ್ರಿ. ಸಾಲ್ಯಾಗ ಗಲಾಟಿ ಆಗೇತಿ. ಈಗ, ಈಗಿಂದೀಗ!”

ಕಹಕಶಾ ಗೋಡೆ ಹಿಡಿದು ನಿಂತಿದ್ದರು. ಅವರ ಬಾಯಿಂದ ಸಣ್ಣ ದನಿ ಹೊರಟಿತು. “ಸಿದ್ದಲಿಂಗೇಶ ಸರ್. ಪಾಠ ಸುರು ಮಾಡ್ರಿ.”

“ಮೇಡಂ, ನಿಮ್ಮ ನೌಕರಿ…”

“ಸುರು ಮಾಡ್ರಿ ಅಂದ್ನಲ್ಲ.”

ಒಳಗೆ ಸೀಮೆಸುಣ್ಣ ಹಲಗೆಯ ಮೇಲೆ ಕಿರುಗುಟ್ಟಿತು. ಯಶೋಧರಾಳ ಪಕ್ಕದ ಹುಡುಗಿ ಅರ್ಧ ಗೇಣು ಆಚೆ ಸರಿದಳು. ಪುಸ್ತಕವನ್ನು ಮಾತ್ರ ಇಬ್ಬರ ನಡುವೆಯೇ ಬಿಟ್ಟಳು.

ಕಾಲುವೆಯ ಕಡೆಯಿಂದ ಇನ್ನೊಂದು ಗಾಡಿಯ ಸದ್ದು ಕೇಳತೊಡಗಿತು. ಪಕೀರಮ್ಮ ತಿರುಗಿ ನೋಡಲಿಲ್ಲ. ಮಡಚಿಕೊಂಡಿದ್ದ ಕಾಲುಗಳನ್ನು ಬಿಡಿಸಿ, ಎದುರಿನ ಚೌಕಟ್ಟಿಗೆ ಹಿಮ್ಮಡಿ ಮುಟ್ಟುವಷ್ಟು ಉದ್ದಕ್ಕೆ ಚಾಚಿದಳು.