ಎಂಟನೇ ಹೆಜ್ಜೆ

ಎಲ್ಲಿಗೆ ಹೊರಟಿದ್ದೀರೋ ಏನೋ, ಒಂದು ಹತ್ತು ನಿಮಿಷ ಕೂತು ಇದನ್ನು ಕೇಳಿಬಿಡಿ. ದೊಡ್ಡ ಕಥೆಯೇನಲ್ಲ, ಒಂದು ಗೊಂಬೆ ನಡೆಯುವ ಕಥೆ. ಆದರೆ ಕೊನೆಯಲ್ಲಿ ನಿಮ್ಮನ್ನೊಂದು ಮಾತು ಕೇಳುವುದಿದೆ, ಅದಕ್ಕೇ ಮಧ್ಯದಲ್ಲಿ ಎದ್ದು ಹೋಗಬೇಡಿ.

ಗೊಂಬೆಯನ್ನು ನಡೆಸಿದವಳು ಗೀಚಿ. ಅದು ಅಪ್ಪ ಇಟ್ಟ ಅಡ್ಡಹೆಸರು. ಅಪ್ಪ ನೀರಿನ ಆಫೀಸಿನಲ್ಲಿ ಮೀಟರ್ ರೀಡರ್. ಮನೆಮನೆಗೆ ಹೋಗಿ, ಗೇಟಿನ ಪಕ್ಕ ಬಗ್ಗಿ, ಮೀಟರಿನ ಮುಚ್ಚಳ ಎತ್ತಿ ಅಂಕಿ ಬರೆದುಕೊಳ್ಳುವ ಕೆಲಸ. ನಾಲ್ಕು ವರ್ಷದ ಮಗಳು ಒಂದು ದಿನ ಆ ಅಂಕಿಗಳ ಮೇಲೆಲ್ಲ ಕಾಗೆ ಗುಬ್ಬಿ ಬರೆದುಬಿಟ್ಟಳು. "ಹೋಯ್ತು, ಈ ತಿಂಗಳು ಇಡೀ ಬೀದಿ ಗುಬ್ಬಿ ಲೆಕ್ಕದಲ್ಲಿ ನೀರು ಕುಡಿದಿದೆ" ಅಂತ ಅಪ್ಪ ನಕ್ಕರು, ನಕ್ಕು ಮತ್ತೊಂದು ಸಲ ಅಷ್ಟೂ ಮನೆಗೆ ನಡೆದರು. ಅವತ್ತಿನಿಂದ ಅವಳು ಗೀಚಿ.

ದೊಡ್ಡವಳಾದ ಮೇಲೂ ಗೀಚುವುದೇ ಕೆಲಸವಾಯಿತು. ಮೊದಲು ಅಂಗಡಿಯ ಕೈಚೀಲಗಳ ಮೇಲಿನ ಚಿತ್ರ, ಆಮೇಲೆ ಮಕ್ಕಳ ಪುಸ್ತಕಕ್ಕೆ ಹಣ್ಣು ತರಕಾರಿ, ಆಮೇಲೆ ಪರದೆಯ ಮೇಲೆ ಕುಣಿಯುವ ಅಕ್ಷರಗಳು. ಏನಾದರೂ ತೆರೆದುಕೊಳ್ಳುವವರೆಗೆ ಫೋನಿನಲ್ಲಿ ಒಂದು ಚಕ್ರ ತಿರುಗುತ್ತದಲ್ಲ, ಅಂಥದ್ದನ್ನೇ ಒಂದು ವರ್ಷ ಬರೆದಳು. "ಎಲ್ಲರೂ ಬೈಕೊಂಡು ನೋಡೋ ಚಿತ್ರ ನಂದೊಂದೇ ಅಮ್ಮ" ಅಂದರೆ, ಅಮ್ಮ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಿನ್ನ ಕೈಗೆ ಮಸಿನೂ ಅಂಟಲ್ವಲ್ಲ" ಅನ್ನುತ್ತಿದ್ದರು. ಮಗಳು ಏನು ಬರೆಯುತ್ತಾಳೆ, ಯಾರಿಗೆ ಬರೆಯುತ್ತಾಳೆ ಅಂತ ಅಮ್ಮ ಒಂದು ದಿನವೂ ಕೇಳಿದವರಲ್ಲ.

ಮೂರು ವರ್ಷ ಬಿಡಿ ಕೆಲಸ ಮಾಡಿದ ಮೇಲೆ ಒಂದು ಸ್ಟುಡಿಯೋದಲ್ಲಿ ಜಾಗ ಸಿಕ್ಕಿತು. ಕನ್ನಡಕದ ಅಂಗಡಿಯ ಮೇಲಿನ ಎರಡನೇ ಮಹಡಿ, ಏಳು ಕುರ್ಚಿ, ಒಂದೇ ಕಿಟಕಿ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಕೆಳಗೊಂದು ಪೇಂಟ್ ಡಬ್ಬ. ಸ್ಟುಡಿಯೋ ನಡೆಸುವವರನ್ನು ಎಲ್ಲರೂ ದೊಡ್ಡಣ್ಣ ಅನ್ನುತ್ತಿದ್ದರು. ಸೌಂಡ್ ಮಾಡುವವನಿಗೆ ಸದ್ದಪ್ಪ ಅಂತ ಹೆಸರು ಬಿದ್ದಿತ್ತು. ಗೀಚಿ ಇನ್ನೂ ಕಾಯಂ ಆಗಿರಲಿಲ್ಲ, ಬಾಗಿಲ ಪಕ್ಕದ ಕುರ್ಚಿ.

ಆಗ ಬಂದ ಕೆಲಸವೇ ಔಷಧಿ ಮಾಮ. ಮನೆಗೆ ಔಷಧಿ ತಲುಪಿಸುವ ಒಂದು ಕಂಪನಿಗೆ ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಬರುವ ಒಬ್ಬ ಮಾಮ ಬೇಕಿತ್ತು. ಮಾಮ ಜನಕ್ಕೆ ಹಿಡಿಸಿದರೆ ಆಮೇಲೆ ಇಡೀ ವರ್ಷದ ಸರಣಿ, ಗೀಚಿಗೆ ಕಾಯಂ ಕೆಲಸ, ಜೊತೆಗೆ ಕಿಟಕಿ ಪಕ್ಕದ ಕುರ್ಚಿ.

ಮಾಮನ ಮುಖ ಒಂದೇ ದಿನದಲ್ಲಿ ಬಂತು. ನಡಿಗೆ ಬರಲಿಲ್ಲ. ಎಷ್ಟು ಸಲ ಬರೆದರೂ ಪುಸ್ತಕ ಓದಿ ನಡೆಯಲು ಕಲಿತವನ ಹಾಗೆ ನಡೆಯುತ್ತಿದ್ದ. ಕೊನೆಗೆ ಗೀಚಿ, ಅಮ್ಮ ತರಕಾರಿಗೆ ಹೋದ ಹೊತ್ತು ನೋಡಿ, ಅಪ್ಪನನ್ನು ಮನೆ ಮುಂದಿನ ಉದ್ದ ಕಾರಿಡಾರಿಗೆ ಕರೆದುಕೊಂಡು ಬಂದು, ಚಪ್ಪಲಿ ಸ್ಟ್ಯಾಂಡಿನ ಮೇಲೆ ಫೋನ್ ಇಟ್ಟಳು.

"ನಟನೆ ಮಾಡ್ಬೇಕಾ, ಸುಮ್ನೆ ನಡೀಬೇಕಾ?"

"ಸುಮ್ನೆ ನಡಿ ಅಪ್ಪ."

"ಸುಮ್ನೆ ನಡಿಯೋಕೆ ನಂಗೆ ಮೂವತ್ತು ವರ್ಷ ಸಂಬಳ ಕೊಟ್ಟಿದಾರೆ. ನೀನೇನ್ ಕೊಡ್ತೀಯ?"

"ಚಹಾ."

"ಆಯ್ತು. ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ. ಈ ವಯಸ್ಸಲ್ಲಿ ಗೊಂಬೆ ವೇಷ ಹಾಕಿದ್ರು ಅಂತ ಕಂಡೋರಿಗೆಲ್ಲ ಹೇಳ್ಕೊಂಡು ನಗ್ತಾಳೆ."

ಅಪ್ಪ ನಡೆದರು, ಅತ್ತ ಇತ್ತ, ಹನ್ನೆರಡು ಸಲ. ಅದನ್ನು ನಿಧಾನ ಮಾಡಿ ನೋಡಿದಾಗ ಗೀಚಿಗೆ ಒಂದು ವಿಷಯ ಕಂಡಿತು. ಮೂವತ್ತು ವರ್ಷ ಮೀಟರ್ ಪುಸ್ತಕದ ಚೀಲ ಹೊತ್ತ ಎಡ ಹೆಗಲು ಇಳಿದೇ ಇತ್ತು. ನಿವೃತ್ತಿಯಾಗಿ ಚೀಲ ಹೋಗಿ ಆರು ವರ್ಷವಾಗಿದ್ದರೂ, ಎಂಟು ಹೆಜ್ಜೆಗೊಮ್ಮೆ ಅಪ್ಪ ಆ ಹೆಗಲನ್ನು ಮೇಲಕ್ಕೆ ಕುಲುಕುತ್ತಿದ್ದರು, ಇಲ್ಲದ ಚೀಲ ಜಾರಿದ ಹಾಗೆ. ಏಳಲ್ಲ, ಒಂಬತ್ತಲ್ಲ. ಸರಿಯಾಗಿ ಎಂಟು.

ಈ ಕಸುಬಿನಲ್ಲಿ ನಡಿಗೆಗೆ ಎರಡೇ ಹೆಜ್ಜೆ ಬರೆಯುವುದು. ಎಡ, ಬಲ, ಮತ್ತೆ ಅದನ್ನೇ ಸುತ್ತಿಸಿದರೆ ಗೊಂಬೆ ಪ್ರಪಂಚ ಪೂರ್ತಿ ನಡೆದುಕೊಂಡು ಬರುತ್ತದೆ. ಗೀಚಿ ಆ ಒಂದು ಕುಲುಕಿಗೋಸ್ಕರ ಎಂಟು ಹೆಜ್ಜೆ ಬರೆದಳು. ಒಂದು ವಾರ ಹಿಡಿಯಿತು. ಮುಗಿದಾಗ ನಾಲ್ಕು ಸೆಕೆಂಡು.

"ಬೆಟ್ಟ ಅಗೆದು ಇಲಿ ಹಿಡಿದ್ಯಲ್ಲೇ" ಅಂದರು ಅಪ್ಪ. ಮತ್ತೆ ನೋಡಿದರು. "ಇವನ್ಯಾಕೆ ಹೆಗಲು ಹಂಗೆ ಮಾಡ್ತಾನೆ? ಸುಸ್ತಾಗಿರ್ಬೇಕು, ಪಾಪ."

ತನ್ನದೇ ಹೆಗಲು ಅಂತ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಗೀಚಿಯೂ ಹೇಳಲಿಲ್ಲ.

ಕಂಪನಿಯವರು ಮಾಮನನ್ನು ಒಪ್ಪಿದರು. ಒಪ್ಪಿದ ಮೇಲೆ, ನೋಡಿಕೊಂಡು ಬರೆಯಲು ತೆಗೆದ ವಿಡಿಯೋಗಳನ್ನೆಲ್ಲ ಅಳಿಸಿಹಾಕುವುದು ಗೀಚಿಯ ರೂಢಿ. ಕಟ್ಟಡ ಎದ್ದ ಮೇಲೆ ಸುತ್ತ ಕಟ್ಟಿದ ಬೊಂಬು ಬಿಚ್ಚುವುದಿಲ್ಲವೇ, ಹಾಗೆ. ಕಂಪ್ಯೂಟರ್ ಬೇರೆ ಜಾಗ ಇಲ್ಲ ಅಂತ ಗೋಳಿಡುತ್ತಿತ್ತು. ಕಾರಿಡಾರಿನ ಹನ್ನೆರಡು ನಡಿಗೆಯೂ ಕಸದ ಬುಟ್ಟಿಗೆ ಹೋಯಿತು, ಬುಟ್ಟಿಯೂ ಖಾಲಿಯಾಯಿತು. ಫೋನಿನಲ್ಲಿದ್ದದ್ದನ್ನು ಅದಕ್ಕೂ ಮೊದಲೇ ಅಳಿಸಿದ್ದಳು.

ಅದಾಗಿ ಒಂಬತ್ತನೇ ದಿನ ಬೆಳಗ್ಗೆ ಅಪ್ಪ ಮಂಚದ ಅಂಚಿನಲ್ಲಿ ಕೂತು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡರು. ಇನ್ನೊಂದು ಸಾಕ್ಸ್ ಕೈಯಲ್ಲೇ ಉಳಿಯಿತು.

ಆಮೇಲೆ ಗೀಚಿಗೆ ಏನೂ ಆಗಲಿಲ್ಲ. ಅದನ್ನೇ ಹೇಳಬೇಕು ಅಂತ ಇಷ್ಟು ಹೇಳಿದ್ದು. ಅಳು ಬರಲಿಲ್ಲ. ಬಹಳ ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ ಇಡೀ ಅವಳಿಗೇ ಜೋಮು ಹಿಡಿದಿತ್ತು. ಬಂದವರು ತಬ್ಬಿಕೊಂಡಾಗ ಅವರ ಅಂಗಿಯ ಗುಂಡಿಗಳನ್ನು ಎಣಿಸಿದಳು. ಆರನೇ ದಿನ ಕೆಲಸಕ್ಕೆ ಹೋದಳು. ಏಸಿ ತೊಟ್ಟಿಕ್ಕುತ್ತಿತ್ತು, ಡಬ್ಬ ತುಂಬಿತ್ತು, ಚೆಲ್ಲಿ ಬಂದಳು. ಫೋನಿನಲ್ಲಿ ಹುಡುಕಿದಾಗ ನಿಂತ ಅಪ್ಪ ಇದ್ದರು, ಕೂತ ಅಪ್ಪ ಇದ್ದರು, ತಟ್ಟೆ ಮುಂದೆ ಬಾಯಿ ತೆರೆದ ಅಪ್ಪ ಇದ್ದರು. ನಡೆಯುವ ಅಪ್ಪ ಒಂದು ಸೆಕೆಂಡೂ ಇರಲಿಲ್ಲ. ಸರಿ, ಇಲ್ಲ ಅಂದುಕೊಂಡು ಫೋನ್ ಜೇಬಿಗೆ ಹಾಕಿದಳು.

ಅಪ್ಪ ಹೋದ ಮೂರನೇ ವಾರ ಔಷಧಿ ಮಾಮ ಊರಿನ ಬಸ್ ಸ್ಟಾಪುಗಳ ಪರದೆಗಳ ಮೇಲೆ ಬಂದ. ಐದನೇ ವಾರದ ಬುಧವಾರ ದೊಡ್ಡಣ್ಣ ಕರೆದರು.

"ಕಂಪನಿಗೆ ಹೊಸ ಮೇಡಂ ಬಂದಿದಾರೆ. ಮಾಮ ಸರಿಯಿಲ್ಲ ಅಂತಾರೆ."

"ಏನ್ ಸರಿಯಿಲ್ಲ?"

"ಅದೇ ನೋಡು, ಅಡ್ಡಗೋಡೆ ಮೇಲೆ ದೀಪ. ಚುರುಕಿರ್ಲಿ ಆದ್ರೆ ಆತುರ ಬೇಡ, ವಯಸ್ಸಿರ್ಲಿ ಆದ್ರೆ ಮುದುಕ ಆಗ್ಬಾರ್ದು. ಅರ್ಧ ಗಂಟೆ ಆದ್ಮೇಲೆ ಬಾಯಿ ಬಿಟ್ರು. ಔಷಧಿ ತರೋನೇ ಹೆಗಲು ನೋವಿದ್ದೋನ ಥರ ನಡೆದ್ರೆ, ಅವನು ತಂದ ಮಾತ್ರೆ ಯಾರು ನುಂಗ್ತಾರೆ ಅಂತ."

ಸದ್ದಪ್ಪ ಹೆಡ್‌ಫೋನ್ ಒಳಗಿಂದಲೇ ಕಿಸಕ್ಕನೆ ನಕ್ಕ. "ಮೇಡಂ ಹೇಳಿದ್ರಲ್ಲೂ ಅರ್ಥ ಇದೆ."

"ಶುಕ್ರವಾರದೊಳಗೆ ಹೆಗಲು ನೆಟ್ಟಗೆ ಮಾಡಿ ಕೊಡು" ಅಂದರು ದೊಡ್ಡಣ್ಣ. "ಸೋಮವಾರ ಎಲ್ಲಾ ಕಡೆ ಹೊಸದು ಹಾಕ್ತಾರೆ. ಸರಣಿ ನಮಗೇ ಅಂತ ಮಾತು ಕೊಟ್ಟಿದಾರೆ. ಆ ಕಿಟಕಿ ಕುರ್ಚಿ ಇನ್ಮೇಲೆ ನಿಂದು, ಸರೀನಾ?"

"ಸರಿ."

ಅವತ್ತು ಮನೆ ಮೆಟ್ಟಿಲ ಹತ್ತಿರ ಕೆಳಗಿನ ಮನೆ ಆಂಟಿ ತಡೆದರು. "ನಿಮ್ಮಮ್ಮ ದಿನಾ ಸಾಯಂಕಾಲ ಬಸ್ ಸ್ಟಾಪಲ್ಲಿ ಕೂತಿರ್ತಾರಲ್ಲ, ಎಲ್ಲಿಗೆ ಹೋಗ್ತಾರೆ?"

"ಅಂಗಡಿಗಿರ್ಬೇಕು."

"ಅಂಗಡಿಗೆ ಹೋಗೋರು ಬಸ್ಸಾದ್ರೂ ಹತ್ಬೇಕಲ್ಲಮ್ಮ. ನಾಲ್ಕು ಬಸ್ ಹೋದ್ರೂ ಕೂತೇ ಇರ್ತಾರೆ. ಒಂಚೂರು ನೋಡ್ಕೋ."

ಗುರುವಾರ ಗೀಚಿ ಬೇಗ ಬಿಟ್ಟು ನೇರ ಬಸ್ ಸ್ಟಾಪಿಗೆ ಹೋದಳು. ಅಮ್ಮ ಕಬ್ಬಿಣದ ಬೆಂಚಿನ ತುದಿಯಲ್ಲಿ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಆಳೆತ್ತರದ ಪರದೆ. ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಓಡುತ್ತಿತ್ತು, ಅಮ್ಮ ತಮ್ಮ ಮೊಣಕಾಲು ನೋಡುತ್ತಿದ್ದರು.

"ಬಂದ್ಯಾ? ಕೂತ್ಕೋ. ಇನ್ನೊಂದು ಆದ್ಮೇಲೆ ಬರುತ್ತೆ."

ಪೇಸ್ಟು ಹೋಯಿತು, ಫ್ರಿಜ್ಜು ಬಂತು, ಹೋಯಿತು. ಔಷಧಿ ಮಾಮ ಬಂದ. ಪರದೆಯಲ್ಲಿ ಅವನೂ ಆಳೆತ್ತರವೇ. ಅಮ್ಮ ತಲೆ ಎತ್ತಿ ತುಟಿಯಲ್ಲೇ ಎಣಿಸಿದರು. "ಐದು, ಆರು, ಏಳು... ಹ್ಞಾಂ. ನೋಡಿದ್ಯಾ?"

"ಏನಮ್ಮ?"

"ಏನಮ್ಮ ಅಂತೆ. ನಿಮ್ಮಪ್ಪನ ಹೆಗಲು ಗೊತ್ತಾಗಲ್ವಾ ನಿಂಗೆ?"

ಗೀಚಿ ಪರದೆಯ ಕಡೆಗೇ ನೋಡಿದಳು.

"ಯಾರೋ ನೋಡಿದಾರೆ ಅವರನ್ನ" ಅಂದರು ಅಮ್ಮ. "ಎಷ್ಟು ಮನೆ ಸುತ್ತಿದಾರೆ ಹೇಳು. ಬಿಸಿಲಲ್ಲಿ ಹೋಗ್ತೀರಲ್ಲ, ಒಬ್ಬರಾದ್ರೂ ಕೂತ್ಕೊಳ್ಳಿ ಅಂತಾರಾ ಅಂತ ನಾನು ಕೇಳಿದ್ರೆ, 'ಮೀಟರ್ ನೋಡೋನ ಮುಖ ಯಾರ್ ನೋಡ್ತಾರೆ ಬಿಡೇ' ಅಂತಿದ್ರು. ನೋಡಿದಾರೆ ನೋಡು. ಯಾವುದೋ ಮನೆ ಮಗು ಕಿಟಕಿಯಿಂದ ನೋಡಿ ಮನಸ್ಸಲ್ಲಿ ಇಟ್ಕೊಂಡಿದೆ. ದೊಡ್ಡದಾದ್ಮೇಲೆ ಬರೆದಿದೆ."

ಮಾಮ ಹೋಗಿ ಮತ್ತೆ ಪೇಸ್ಟು ಬಂತು. ಅಮ್ಮ ಮೊಣಕಾಲು ನೋಡಿದರು.

"ನೀನೂ ಇಂಥದ್ದೇ ಕೆಲಸ ಮಾಡೋಳಲ್ವಾ, ಬರೆದೋರು ಯಾರು ಅಂತ ವಿಚಾರಿಸೋಕಾಗುತ್ತಾ? ಒಂದ್ಸಲ ನೋಡ್ಬೇಕು ಅವರನ್ನ."

"ಕೇಳ್ತೀನಿ" ಅಂದಳು ಗೀಚಿ. 'ಬರೆದಿದ್ದು ನಾನೇ ಅಮ್ಮ' ಅನ್ನುವುದು ಗಂಟಲವರೆಗೆ ಬಂದಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಗಂಟಲಲ್ಲಿ ಏನೂ ಇರಲಿಲ್ಲ. ಅಮ್ಮನ ಮುಖದಲ್ಲಿ ಐದು ವಾರದಿಂದ ಇಲ್ಲದ ಒಂದು ನೆಮ್ಮದಿ ಇತ್ತು, ಯಾರೋ ಗುರುತಿಲ್ಲದವರು ತನ್ನ ಗಂಡನನ್ನು ನೆನಪಿಟ್ಟುಕೊಂಡಿದ್ದಾರೆ ಅನ್ನುವ ನೆಮ್ಮದಿ. ಬರೆದದ್ದು ಮಗಳು ಅಂದರೆ ಅದು ಅಲ್ಲಿಗೇ ಹೋಗುತ್ತದೆ. ಮಗಳು ಅಪ್ಪನನ್ನು ನೋಡಿರುವುದರಲ್ಲಿ ಏನು ದೊಡ್ಡದು?

ಶುಕ್ರವಾರ ದೊಡ್ಡಣ್ಣನ ಮೇಜಿನ ಮುಂದೆ ನಿಂತಳು. "ಹೆಗಲು ಹಾಗೇ ಬಿಡೋಕಾಗುತ್ತಾ?"

"ಯಾಕೆ?"

ಅದು ನಮ್ಮಪ್ಪನ ಹೆಗಲು ಅಂದರೆ ಸಾಕಿತ್ತು. ಅವಳ ಬಾಯಿಂದ ಬಂದದ್ದು ಬೇರೆ. "ಚೆನ್ನಾಗಿದೆ ಅಂತ."

"ಚೆನ್ನಾಗಿಲ್ಲ ಅಂತ ಯಾರಂದ್ರು? ನಂಗೂ ಇಷ್ಟವೇ. ಆದ್ರೆ ನೀನು ಮಾಡ್ದಿದ್ರೆ ಅವರು ಬೇರೆಯವರ ಕೈಲಿ ಮಾಡಿಸ್ತಾರೆ. ಕಾಲು ಗಂಟೆ ಕೆಲಸ. ಮಾಮನೂ ಹೋಗ್ತಾನೆ, ಸರಣಿನೂ ಹೋಗುತ್ತೆ, ನಿನ್ನ ಕುರ್ಚಿನೂ."

ಅದು ನಿಜ. ಹೇಗಿದ್ದರೂ ಸೋಮವಾರ ಆ ಹೆಗಲು ನೆಟ್ಟಗಾಗುವುದೇ. ಗೀಚಿ ಹೋಗಿ ಕೂತಳು. ಆ ಕುಲುಕನ್ನು ಹಿಡಿದಿಟ್ಟಿದ್ದದ್ದು ಹನ್ನೊಂದು ಚುಕ್ಕೆಗಳು, ಯಾವ ಕ್ಷಣಕ್ಕೆ ಹೆಗಲು ಎಲ್ಲಿರಬೇಕು ಅಂತ ಕಂಪ್ಯೂಟರಿಗೆ ಹೇಳುವ ಗುರುತುಗಳು. ಒಂದೊಂದೇ ಅಳಿಸಿದಳು. ಅಳಿಸಿದ ಹಾಗೆ ನಡುವಿನದ್ದನ್ನು ಕಂಪ್ಯೂಟರ್ ತಾನೇ ಸಮ ಮಾಡಿಕೊಂಡು ಹೋಯಿತು. ಇಳಿದ ಹೆಗಲನ್ನು ಆರು ಡಿಗ್ರಿ ಎತ್ತಿದಳು. ಇನ್ನು ಎಂಟು ಹೆಜ್ಜೆ ಯಾಕೆ, ಆರನ್ನು ಕತ್ತರಿಸಿ ಎರಡು ಉಳಿಸಿಕೊಂಡಳು. ಕಾಲು ಗಂಟೆಯೂ ಬೇಕಾಗಲಿಲ್ಲ.

"ನಂದೂ ತೆಗೀಬೇಕು" ಅಂದ ಸದ್ದಪ್ಪ. "ಹೆಗಲು ಕುಲುಕಿದಾಗ ಚೀಲದ ಪಟ್ಟಿ ಸರಕ್ ಅನ್ನೋದು ಇಟ್ಟಿದ್ದೆ. ನಮ್ಮ ಮಾವಂದು ಹಳೇ ಚರ್ಮದ ಚೀಲ ತಂದು ಅರ್ಧ ದಿನ ಉಜ್ಜಿದೀನಿ. ಬಸ್ ಸ್ಟಾಪಲ್ಲಿ ಸೌಂಡೇ ಇಲ್ಲ, ಯಾರೂ ಕೇಳ್ಲೂ ಇಲ್ಲ. ನಮ್ಮ ಬಾಳು ಇಷ್ಟೇ ನೋಡು."

ನಾಲ್ಕು ಗಂಟೆಗೆ ಮೇಡಂ ಒಪ್ಪಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗೀಚಿ ತನ್ನ ಲೋಟ, ಪೆನ್ನು, ಚಾರ್ಜರ್ ಎತ್ತಿಕೊಂಡು ಕಿಟಕಿ ಪಕ್ಕಕ್ಕೆ ಹೋದಳು. ಆ ಕುರ್ಚಿಯ ಒಂದು ಚಕ್ರ ತಿರುಗುತ್ತಿರಲಿಲ್ಲ. ಹೊರಡುವ ಮೊದಲು ಹಳೆಯ ನಾಲ್ಕು ಸೆಕೆಂಡನ್ನು ತನ್ನ ಫೋನಿಗೆ ಹಾಕಿಕೊಂಡಳು. ಆಳೆತ್ತರದ ಮಾಮ ಹೆಬ್ಬೆರಳಷ್ಟಾದ.

ಸೋಮವಾರ ಸಾಯಂಕಾಲ ಅಮ್ಮನ ಜೊತೆ ಅವಳೂ ಹೋದಳು. ಪೇಸ್ಟು, ಫ್ರಿಜ್ಜು, ಮಾಮ. ಅಮ್ಮ ಎಣಿಸಿದರು. ಏಳು, ಎಂಟು. ಒಂಬತ್ತು ಅನ್ನುವಾಗ ತುಟಿ ನಿಂತಿತು. ಮಾಮ ನೆಟ್ಟಗೆ ನಡೆದು ಹೋದ.

"ನಾನೇ ತಪ್ಪು ಎಣಿಸಿದೆ" ಅಂದರು ಅಮ್ಮ.

ಎರಡನೇ ಸುತ್ತು. ಈ ಸಲ ಬೆರಳು ಮಡಚಿ ಎಣಿಸಿದರು. ಎಂಟನೇ ಬೆರಳು ಮಡಚಿ ಹಾಗೇ ಹಿಡಿದುಕೊಂಡರು.

"ನೋವು ಹೋಗಿರ್ಬೇಕು" ಅಂದರು, ಅಲ್ಲಿ ಇನ್ನೊಬ್ಬರು ಯಾರೋ ಕೂತಿದ್ದಾರೆ, ಅವರನ್ನು ಸಮಾಧಾನ ಮಾಡಬೇಕು ಅನ್ನುವ ಹಾಗೆ. "ಬರೆದೋರು ಪಾಪ ಸಾಕು ಇನ್ನು ಹೊತ್ತಿದ್ದು ಅಂತ ಇಳಿಸಿರ್ಬೇಕು."

ಮೂರನೇ ಸುತ್ತಿಗೆ ಮಾಮ ಬಂದಾಗ ಅಮ್ಮ ತಲೆ ಎತ್ತಲಿಲ್ಲ. ಪೇಸ್ಟಿನ ಹೊತ್ತಲ್ಲಿ ನೋಡುವ ಹಾಗೇ ಮೊಣಕಾಲು ನೋಡುತ್ತಿದ್ದರು.

ಬಸ್ಸು ಬಂತು. ಬಾಗಿಲು ತೆರೆಯಿತು. ಡ್ರೈವರ್ ಇಬ್ಬರನ್ನೂ ನೋಡಿದ. ಯಾರೂ ಏಳದಿದ್ದಾಗ ಬಾಗಿಲು ಮುಚ್ಚಿತು.

"ಬರೆದೋರು ಯಾರು ಅಂತ ಕೇಳಿದ್ಯಾ?"

"ಕೇಳ್ತಿದೀನಿ ಅಮ್ಮ."

"ಸಿಕ್ರೆ ಕೇಳು, ಯಾಕೆ ತೆಗೆದ್ರಿ ಅಂತ. ಬೈಬೇಡ ಮತ್ತೆ. ಅವರಿಗೆ ಏನ್ ಕಷ್ಟ ಇತ್ತೋ ಏನೋ. ಸುಮ್ನೆ ಕೇಳು, ಅಷ್ಟೇ."

ಗೀಚಿಯ ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ಹೆಬ್ಬೆರಳಷ್ಟು ಅಪ್ಪ ಇದ್ದರು, ಎಂಟನೇ ಹೆಜ್ಜೆಯ ಸಮೇತ. ತೋರಿಸಿದರೆ ಹೆಗಲು ಸಿಗುತ್ತದೆ, ಆದರೆ ಕಿಟಕಿಯಿಂದ ನೋಡಿದ ಆ ಯಾರದೋ ಮನೆ ಮಗು ಹೋಗುತ್ತದೆ. ಬರೆದವಳೂ ಇವಳೇ, ಅಳಿಸಿದವಳೂ ಇವಳೇ ಅಂತ ಒಂದೇ ಉಸಿರಿಗೆ ಹೇಳಬೇಕಾಗುತ್ತದೆ. ತೋರಿಸದಿದ್ದರೆ ಅಮ್ಮ ನಾಳೆಯೂ ಬಂದು ಮೊಣಕಾಲು ನೋಡುತ್ತಾ ಕೂರುತ್ತಾರೆ. ಅವಳು ಜೇಬಿಗೆ ಕೈ ಹಾಕಿ ಫೋನ್ ಹಿಡಿದುಕೊಂಡಳು. ಕೈ ತನ್ನದು ಅಂತಲೂ ಅನ್ನಿಸಲಿಲ್ಲ. ಪರದೆಯಲ್ಲಿ ಫ್ರಿಜ್ಜು ಬಂದಿತ್ತು, ಅದರ ಹಿಂದೆಯೇ ಮಾಮ.

ಆ ಬೆಂಚಿನ ಮೇಲೆ ಅಮ್ಮನ ಪಕ್ಕ ನೀವು ಕೂತಿದ್ದರೆ, ಫೋನ್ ಹೊರಗೆ ತೆಗೀತಿದ್ರಾ?