ಸೊಸೆಯ ಪಟ್ಟಿಯಲ್ಲಿ ಅತ್ತೆಯ ತೂಕ

ಮನೆಯ ಹಿರಿಯರ ತಟ್ಟೆಯಿಂದ ಏನನ್ನೋ ಎತ್ತಿಟ್ಟು, "ನಿಮ್ಮ ಒಳ್ಳೇದಕ್ಕೇ" ಎಂದು ನೀವೂ ಹೇಳಿದ್ದೀರಲ್ಲವೇ? ಹಾಗೆ ಮಾಡಿಸಿದ್ದು ಪ್ರೀತಿಯೋ ಹೊಟ್ಟೆಕಿಚ್ಚೋ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ? ಈ ಕಥೆಯ ಸಣ್ಣ ಸೊಸೆ ಕೇಳಿಕೊಳ್ಳಲಿಲ್ಲ.

ಅವಳು ಸಂಶೋಧನಾಲಯವೊಂದರಲ್ಲಿ ಇಲಿಗಳ ಆಹಾರ ಬೆರೆಸುವವಳು. ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಮೊಟ್ಟೆ, ಮೀನು, ಮಾಂಸಗಳಲ್ಲಿ ಹೇರಳ, ಹಾಲಿನಲ್ಲೂ ಉಂಟು. ಅದನ್ನು ಕಡಿಮೆ ಮಾಡಿದ ಉಂಡೆ ತಿಂದ ಇಲಿಗಳು ಉಳಿದವಕ್ಕಿಂತ ಹೆಚ್ಚು ದಿನ ಬದುಕುತ್ತಿದ್ದವು. ಪ್ರತಿ ಸೋಮವಾರ ಅವುಗಳನ್ನು ಡಬ್ಬಿಗೆ ಬಿಟ್ಟು ತೂಕ ಬರೆಯುವುದೂ ಅವಳದೇ ಕೆಲಸ. ಆ ಇಲಿಗಳು ಹಗುರವಾಗಿದ್ದರೆ ಆಹಾರ ಸರಿಯಾಗಿ ಬೆರೆತಿದೆ ಎಂದರ್ಥ. ಹನ್ನೊಂದು ವರ್ಷಗಳಿಂದ ಕಡಿಮೆ ಅಂಕಿ ಕಂಡರೆ ಹಿಗ್ಗುವ ಕಣ್ಣು ಅವಳದು.

ಮನೆಯಲ್ಲಿ ಆ ಕಣ್ಣಿಗೊಂದು ಮುಳ್ಳಿತ್ತು: ಓರಗಿತ್ತಿ. ದೊಡ್ಡ ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಎಪ್ಪತ್ತೊಂಬತ್ತರ ಅತ್ತೆಗೆ ಬೆಳಗಿನ ಮೊಟ್ಟೆಯನ್ನು ಅವಳೇ ಸುಲಿದು ಕೊಡಬೇಕು. "ಇವಳ ಕೈ ತಾಗಿದ್ರೆ ಮೊಟ್ಟೆಗೂ ಒಂದು ರುಚಿ ಕಣೆ," ಎಂದು ಅತ್ತೆ ಹೊಗಳಿದಾಗಲೆಲ್ಲ ಸಣ್ಣವಳ ಎದೆಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. ಸಿಪ್ಪೆ ಸುಲಿಯುವುದೂ ಒಂದು ವಿದ್ಯೆಯೇ?

ಒಂದು ಬೆಳಿಗ್ಗೆ ಸಣ್ಣವಳು ಅತ್ತೆಯ ತಟ್ಟೆಯನ್ನೇ ಎಳೆದುಕೊಂಡಳು.

"ಅತ್ತೆ, ನೂರು ವರ್ಷ ಬದುಕ್ಬೇಕಾ ಬೇಡ್ವಾ? ಇವತ್ತಿಂದ ಮೊಟ್ಟೆ, ಮೀನು ಬಂದ್. ಹಾಲೂ ಅಷ್ಟೇ."

"ನೂರು ವರ್ಷ ಉಪವಾಸ ಇರೋಕಾ?"

"ಅಕ್ಕ ಕೊಡೋದು ಬರೀ ರುಚಿ. ನಾನು ಕೊಡೋದು ಆಯಸ್ಸು."

ದೊಡ್ಡವಳು ನಕ್ಕಳು. "ನಿನ್ನ ಇಲಿಗಳ ಜೊತೆ ಅತ್ತೇನೂ ಸೇರಿಸಿಬಿಟ್ಯಾ? ಡಾಕ್ಟ್ರನ್ನ ಒಂದ್ಮಾತು ಕೇಳೇ ತಾಯಿ."

"ರವಿಕೆ ಅಳತೆ ನೀನು ನೋಡ್ಕೋ ಅಕ್ಕ. ಇದು ವಿಜ್ಞಾನ."

ಓದಿದ ಸೊಸೆಯ ಮಾತಿಗೆ ಅತ್ತೆ ತಲೆಯಾಡಿಸಿದರು. ಸಣ್ಣವಳು ಪ್ರತಿ ಸೋಮವಾರ ಅವರನ್ನು ಕೈ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಬರೆದಳು. ಐವತ್ತೆರಡು, ಐವತ್ತು, ನಲವತ್ತೆಂಟು. ಇಳಿದ ಪ್ರತಿ ಅಂಕಿಯನ್ನೂ ಓರಗಿತ್ತಿಯನ್ನು ಕರೆದು ತೋರಿಸಿದಳು. ಅತ್ತೆ ಗೋಡೆ ಹಿಡಿದು ನಡೆಯತೊಡಗಿದ್ದು ಮಾತ್ರ ಅವಳ ಪಟ್ಟಿಗೆ ಸೇರಲಿಲ್ಲ. ಇಲಿಗಳ ಪಟ್ಟಿಯಲ್ಲಿ ಅಂಥದೊಂದು ಅಂಕಣವೇ ಇರಲಿಲ್ಲ.

ಹತ್ತನೆಯ ಸೋಮವಾರ ನಲವತ್ತೈದು. ಅವಳು ಸಡಗರದಿಂದ ಬರೆಯುತ್ತಿದ್ದಾಗಲೇ ಬೆನ್ನ ಹಿಂದೆ ಅತ್ತೆ ಕುಸಿದು ಕುಳಿತರು.

"ಏಳಿ ಅತ್ತೆ!"

"ಈ ಕಾಲು ನಂದಲ್ಲ ಅನ್ಸುತ್ತೆ ಕಣೆ."

ದೊಡ್ಡವಳು ಹೊಲಿಗೆ ಬಿಟ್ಟು ಓಡಿಬಂದು ಅವರನ್ನು ತಬ್ಬಿ ಎತ್ತಿದಳು. ಅಂಥ ಹೊತ್ತಿನಲ್ಲೂ, ಅತ್ತೆಯ ತೋಳು ಓರಗಿತ್ತಿಯ ಕೊರಳನ್ನೇ ಬಳಸಿದ್ದು ಕಂಡು ಸಣ್ಣವಳಿಗೆ ಉರಿಯಿತು. ಎಂಥ ನೀಚ ಉರಿ!

ದೊಡ್ಡವಳು ಮನೆಗೆ ಕರೆಸಿದ ವೈದ್ಯೆ ನಡೆದದ್ದನ್ನೆಲ್ಲ ಕೇಳಿ, ಅತ್ತೆಯ ತೊಡೆಯನ್ನು ಒತ್ತಿ ನೋಡಿದರು. ಬಾಗಿಲಿನ ಪಟ್ಟಿಯನ್ನು ಓದಿ ಹುಬ್ಬು ಗಂಟಿಕ್ಕಿದರು.

"ಇಲಿಗಳಿಗೆ ಇದನ್ನ ಯಾವಾಗ ಶುರು ಮಾಡ್ತೀರಿ?"

"ಮರಿಗಳಾಗಿದ್ದಾಗ."

"ಇವ್ರು ಮರಿನಾ? ಮನುಷ್ಯರ ಆಯಸ್ಸು ಇದ್ರಿಂದ ಹೆಚ್ಚುತ್ತೆ ಅಂತ ಇನ್ನೂ ಯಾರೂ ತೋರಿಸಿಲ್ಲ. ಈ ವಯಸ್ಸಲ್ಲಿ ಹೀಗೆ ಕಡಿಮೆ ಕೊಟ್ರೆ ಕರಗೋದು ಮಾಂಸಖಂಡ. ನೀವು ಖುಷಿಯಿಂದ ಬರೆದಿರೋದು ಅದನ್ನೇ ಕಣಮ್ಮ."

ಸಂಜೆ ಅತ್ತೆಯ ಮಂಚದ ಬಳಿ ಸಣ್ಣವಳು ಕೇಳಿದಳು: "ಸುಸ್ತಾಗ್ತಿದೆ ಅಂತ ಯಾಕೆ ಹೇಳ್ಲಿಲ್ಲ ಅತ್ತೆ?"

"ಈ ನೆಪದಲ್ಲಾದ್ರೂ ನೀನು ವಾರಕ್ಕೊಂದ್ಸಲ ನನ್ನ ಕೈ ಹಿಡ್ಕೊಳ್ತಿದ್ಯಲ್ಲ."

ಸಣ್ಣವಳು ಬೇಡಿದ ಪ್ರೀತಿಯ ಪಾಲು ಅವಳಿಗಾಗಿ ಮೊದಲಿಂದಲೂ ಕಾದಿತ್ತು. ದೊಡ್ಡವಳ ಎದುರಿಗೇ ಅವಳು ಬಾಯಿಬಿಟ್ಟಳು: "ಮೊಟ್ಟೆ ನಿಲ್ಸಿದ್ದು ನಿಮ್ಮ ಆಯಸ್ಸಿಗಲ್ಲ ಅತ್ತೆ. ಅಕ್ಕನ ಕೈಯಿಂದ ನೀವು ತಿನ್ನಬಾರ್ದು ಅಂತ."

ಅತ್ತೆ ಆಸರೆಯಿಲ್ಲದೆ ಮತ್ತೆ ನಡೆಯುವರೋ ಇಲ್ಲವೋ ವೈದ್ಯೆಯೂ ಹೇಳಿಲ್ಲ.

ಓದುಗರೇ, ನಿಮ್ಮ ಹಿರಿಯರಿಗೆ ನೀವಾಗಿಯೇ ನಿಲ್ಲಿಸಿದ ಆಹಾರ ಯಾವುದೆಂದು ಈಗಲೇ ನೆನೆಯಿರಿ. ನಾಳೆ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ, ಅದನ್ನು ನಿಲ್ಲಿಸಿದ್ದು ಸರಿಯೇ ಎಂದು ಹಿರಿಯರ ಎದುರಿಗೇ ಕೇಳಿ.